ಮೂರು ನಿಮಿಷದ ಸೀಗಡಿ

ಇದೆಲ್ಲ ನಾನು ಹೇಳುವ ಹಾಗೆಯೇ ನಡೆಯಿತು ಎಂದು ಪ್ರಮಾಣ ಮಾಡಲಾರೆ. ಎಂಬತ್ತೇಳರ ಡಿಸೆಂಬರ್ ಎಂದು ನನ್ನ ನೆನಪು, ಎಂಬತ್ತೆಂಟೂ ಇರಬಹುದು. ಭಾನುವಾರ ಎನ್ನುವುದು ಮಾತ್ರ ಬಹುಶಃ ನಿಜ, ಯಾಕೆಂದರೆ ಕಾಲೇಜಿರುವ ದಿನ ನನ್ನ ಜೊತೆಗಿದ್ದ ಮೇಷ್ಟ್ರು ಬೆಂಗಳೂರಿನ ಬಸ್ಸು ಹತ್ತುತ್ತಿರಲಿಲ್ಲ. ನಮ್ಮ ಮನೆಯೊಡತಿ ಟೀಚರಮ್ಮ ಕೈಯಲ್ಲಿ ಟಾರ್ಚು ಹಿಡಿದು ಮೆಟ್ಟಿಲು ಹತ್ತಿ ಬಂದರು ಎಂದು ನಾನು ಈ ಕಥೆಯನ್ನು ಇಪ್ಪತ್ತು ಸಲವಾದರೂ ಹೇಳಿದ್ದೇನೆ. ಮೊನ್ನೆ ಕೂತು ಯೋಚಿಸಿದರೆ ಆಗಿನ್ನೂ ಹೊತ್ತು ಮುಳುಗಿರಲಿಲ್ಲ. ಬೆಳಕಿನಲ್ಲಿ ಟಾರ್ಚು ಯಾಕೆ? ಹೇಳಿ ಹೇಳಿ ಟಾರ್ಚು ತಾನಾಗಿಯೇ ಬಂದು ಅವರ ಕೈ ಸೇರಿಕೊಂಡಿರಬೇಕು. ನಾನು ಓದಿದ್ದು ಇತಿಹಾಸ. ಸಾಕ್ಷಿಯೇ ಕಥೆಗಾರನೂ ಆಗಿದ್ದರೆ ಅವನ ಮಾತಿನಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬು ಎಂದು ನಮಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಓದುವವರು ನನ್ನ ವಿಷಯದಲ್ಲೂ ಹಾಗೆಯೇ ಮಾಡಬಹುದು.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಶಿಡ್ಲಘಟ್ಟದಲ್ಲಿ ನಾವಿಬ್ಬರೂ ಒಂದೇ ಜೂನಿಯರ್ ಕಾಲೇಜಿನಲ್ಲಿದ್ದೆವು, ಒಂದೇ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಕೆಳಗಿನ ಮುಂದಿನ ಕೋಣೆ, ಅವರು ಮಹಡಿ. ಅವರು ಕಲಿಸುತ್ತಿದ್ದದ್ದು ಪ್ರಾಣಿಶಾಸ್ತ್ರ. ಜಿರಲೆ ಕೊಯ್ದು ತೋರಿಸುತ್ತಿದ್ದರಿಂದ ಹುಡುಗರು ಜಿರಲೆ ಮೇಷ್ಟ್ರು ಎನ್ನುತ್ತಿದ್ದರು. ಆಮೇಲೆ ಹೆಸರು ಬದಲಾಯಿತು. ಹೇಗೆ ಬದಲಾಯಿತು ಎನ್ನುವುದೇ ಇಲ್ಲಿನ ವಿಷಯ.

ಅವರ ಮೂಗಿನಿಂದ ಶುರು ಮಾಡುವುದು ನ್ಯಾಯ. ಅದು ಉದ್ದವಾದ, ತುದಿಯಲ್ಲಿ ಸ್ವಲ್ಪ ಎಡಕ್ಕೆ ವಾಲಿದ ಮೂಗು. ಅವರು ಪ್ರಪಂಚವನ್ನು ಅರಿಯುತ್ತಿದ್ದದ್ದು ಅದರ ಮೂಲಕವೇ. ಹೊಸ ಪುಸ್ತಕ ಬಂದರೆ ಮೊದಲು ಮೂಸಿ ಆಮೇಲೆ ತೆರೆಯುತ್ತಿದ್ದರು. ನಾನು ಕಾಲೇಜಿಗೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಕೈಕುಲುಕಿ, ಒಂದು ಉಸಿರೆಳೆದು, “ಹಾಸ್ಟೆಲ್ ಸಾಂಬಾರು. ಇನ್ನೂ ಬಿಟ್ಟಿಲ್ಲ ನಿಮ್ಮನ್ನ. ಹಿಸ್ಟ್ರಿಯವರಾ?” ಎಂದರು. ಹಿಸ್ಟ್ರಿಗೂ ಸಾಂಬಾರಿಗೂ ಏನು ಸಂಬಂಧ ಎಂದು ಕೇಳಿದೆ. “ಎರಡೂ ಹಳೇದನ್ನೇ ಮತ್ತೆ ಮತ್ತೆ ಕುದಿಸೋದು ಕಣ್ರೀ” ಎಂದರು. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಹಿಸ್ಟ್ರಿಯವರೇ’ ಎಂದೇ ಕರೆದರು.

ಹುಟ್ಟಿದ್ದು ಪೆರೇಸಂದ್ರದ ಹತ್ತಿರದ ಒಂದು ಹಳ್ಳಿ. ಅಲ್ಲಿಂದ ಸಮುದ್ರ ಯಾವ ದಿಕ್ಕಿನಲ್ಲಿದೆ ಎಂದು ಕೇಳಿದರೆ ಜನ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸುತ್ತಿದ್ದರಂತೆ. ಮನೆಯಲ್ಲಿ ದಿನವೂ ಮುದ್ದೆ, ಸೊಪ್ಪಿನ ಸಾರು, ಹಬ್ಬಕ್ಕೊಂದು ಕೋಳಿ. ಎಂ.ಎಸ್ಸಿ. ಓದುವಾಗ ಪ್ರಾಣಿಗಳ ಮಾದರಿ ಸಂಗ್ರಹಿಸಲು ಕರಾವಳಿಗೆ ಕರೆದುಕೊಂಡು ಹೋದರು. ಅಲ್ಲಿ ಪ್ರವಾಸಿ ಬಂಗಲೆಯ ಅಡುಗೆಯವನೊಬ್ಬ ಬೆಣ್ಣೆ ಕಾಯಿಸಿ, ಬೆಳ್ಳುಳ್ಳಿ ಹಾಕಿ, ಸಿಪ್ಪೆ ಸುಲಿದ ಸೀಗಡಿಯನ್ನು ಅದರಲ್ಲಿ ಮೂರು ನಿಮಿಷ ಆಡಿಸಿ ತಟ್ಟೆಗೆ ಸುರಿದ. ಅಷ್ಟೇ. ಮಿಕ್ಕವರಿಗೆ ಗುರು, ದೀಕ್ಷೆ ಎಂದೆಲ್ಲ ಆಗುವುದು ಇವರ ಬಾಳಿನಲ್ಲಿ ಅವತ್ತು ಆಯಿತು.

“ಮೂರು ನಿಮಿಷ ಹಿಸ್ಟ್ರಿಯವರೇ! ನಮ್ಮಮ್ಮ ಬೆಳಿಗ್ಗೆ ಎದ್ದು ಹುರುಳಿ ಬೇಯಕ್ಕೆ ಇಟ್ರೆ ಮಧ್ಯಾಹ್ನ ಬೇಯ್ತಿತ್ತು. ಇದು ಮೂರೇ ನಿಮಿಷ. ನಾಲ್ಕಾದ್ರೆ ಚಪ್ಪಲಿ.”

ಫಿಸಿಕ್ಸ್ ಲ್ಯಾಬಿನಿಂದ ಸ್ಟಾಪ್‌ವಾಚ್ ತಂದಿಟ್ಟುಕೊಂಡಿದ್ದರು. ಆದರೂ ಕಣ್ಣಿನ ಲೆಕ್ಕ ಬೇರೆಯೇ ಇತ್ತು. “ಬಿದಿಗೆ ಚಂದ್ರನ ಹಾಗೆ ಬಾಗಿದ್ರೆ ಬೆಂದಿದೆ ಅಂತ. ಕೋಡುಬಳೆ ಆಯ್ತು ಅಂದ್ರೆ ಕೆಟ್ಟೋಯ್ತು ಅಂತ” ಎನ್ನುತ್ತಿದ್ದರು. ಬೆಂದ ಸೀಗಡಿಯನ್ನು ತಿನ್ನುತ್ತಿದ್ದದ್ದು ರಾಗಿಮುದ್ದೆಯ ಜೊತೆ. ಹೋಟೆಲಿನಿಂದ ತಂದ ಬಿಸಿ ಮುದ್ದೆಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಬೆಳ್ಳುಳ್ಳಿಯ ಬೆಣ್ಣೆಯನ್ನು ಅದಕ್ಕೆ ತುಂಬಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕಣ್ಣು ಮುಚ್ಚುತ್ತಿದ್ದರು. ಬಂಗಲೆಯ ಅಡುಗೆಯವನು ನೋಡಿದ್ದರೆ ಏನೆನ್ನುತ್ತಿದ್ದನೋ. ನನಗಂತೂ ಆ ಮುದ್ದೆಯ ರುಚಿ ಇವತ್ತಿಗೂ ನೆನಪಿದೆ. ನನ್ನ ನೆನಪುಗಳಲ್ಲಿ ನಾನು ಅನುಮಾನಿಸದೆ ಇರುವುದು ಅದೊಂದನ್ನೇ.

ಮೂರು ನಿಮಿಷದ ಈ ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಒಮ್ಮೆ ಬರೆದು ಕೂಡಿಸಿದ್ದೆ. ಬೆಳಿಗ್ಗೆ ಐದಕ್ಕೆ ಬೆಂಗಳೂರಿನ ಬಸ್ಸು. ಮೀನು ಮಾರುಕಟ್ಟೆ ಮುಟ್ಟಿ, ಸೀಗಡಿ ಆರಿಸಿ, ಐಸು ತುಂಬಿದ ಅಗಲ ಬಾಯಿಯ ಫ್ಲಾಸ್ಕಿಗೆ ಹಾಕಿಸಿಕೊಂಡು ಮತ್ತೆ ಬಸ್ಸು. ಅದು ಎಲ್ಲಾದರೂ ಪಂಕ್ಚರ್ ಆದರೆ ಇವರು ಇಳಿದು ಫ್ಲಾಸ್ಕನ್ನು ಮರದ ನೆರಳಿನಲ್ಲಿಟ್ಟು ಕಾಯಬೇಕು. ಊರು ಸೇರುವುದು ಮಧ್ಯಾಹ್ನ ಮೂರಕ್ಕೆ. ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನಾರು ತೆಗೆಯಲು ಎರಡು ಗಂಟೆ. ಒಟ್ಟು ಹನ್ನೆರಡು ಗಂಟೆ. ಚೀಟಿಯನ್ನು ಅವರ ಮುಂದೆ ಹಿಡಿದೆ. ಓದಿ, ವಾಪಸ್ಸು ಕೊಟ್ಟು, “ಇದು ಪ್ರಯಾಣ. ನಾನು ಹೇಳ್ತಿರೋದು ಅಡುಗೆ” ಎಂದರು.

ಫ್ಲಾಸ್ಕಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ‘ಪ್ರಯೋಗಾಲಯದ ಮಾದರಿ’ ಎಂದು ಬರೆದಿದ್ದರು. ಅದು ಪೂರ್ತಿ ಸುಳ್ಳಲ್ಲ. ಆಗ ಪಿಯುಸಿ ಪ್ರಾಕ್ಟಿಕಲ್ಲಿನಲ್ಲಿ ಸೀಗಡಿಯ ಕಾಲುಗಳನ್ನು ಬಿಡಿಸಿ ಜೋಡಿಸುವ ಪಾಠವಿತ್ತು. ಸೋಮವಾರ ತಲೆ, ಕಾಲು, ಸಿಪ್ಪೆಯನ್ನೆಲ್ಲ ಲ್ಯಾಬಿಗೆ ಒಯ್ದು ಹುಡುಗರಿಗೆ ಹಂಚುತ್ತಿದ್ದರು. “ಕಾಲು ಸರ್ಕಾರಕ್ಕೆ, ಮೈ ನನಗೆ. ಯಾರಿಗೂ ಮೋಸ ಇಲ್ಲ.”

ಶಿಡ್ಲಘಟ್ಟಕ್ಕೆ ಬರುವ ಮೊದಲೇ ಈ ಹುಚ್ಚಿನಿಂದ ಎರಡು ಮನೆ ಕಳೆದುಕೊಂಡಿದ್ದರು. ಗೌರಿಬಿದನೂರಿನಲ್ಲಿ ಅವರನ್ನು ಹಿಡಿದುಕೊಟ್ಟಿದ್ದು ಬೆಕ್ಕುಗಳು. ಸಂಜೆಯಾದರೆ ಬೀದಿಯ ಬೆಕ್ಕೆಲ್ಲ ಬಂದು ಇವರ ಬಾಗಿಲ ಮುಂದೆ ಸಾಲಾಗಿ ಕೂರುತ್ತಿದ್ದವಂತೆ. ಮನೆಯೊಡೆಯ ಏನನ್ನೂ ಕೇಳಲಿಲ್ಲ. ಬೆಕ್ಕುಗಳನ್ನು ಒಂದು ಸಲ, ಇವರನ್ನು ಒಂದು ಸಲ ನೋಡಿ, “ತಿಂಗಳ ಕೊನೆಗೆ ಖಾಲಿ ಮಾಡಿ” ಎಂದ. ಚಿಂತಾಮಣಿಯಲ್ಲಿ ತಾಜಾ ಸೀಗಡಿ ಬೇಡವೆಂದು ಸಂತೆಯಲ್ಲಿ ಒಣ ಸೀಗಡಿ ಕೊಂಡು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರು. ಸಕ್ಕರೆ ಕೇಳಲು ಬಂದ ಮನೆಯೊಡೆಯನ ಹೆಂಡತಿ ತಾವೇ ಡಬ್ಬಿ ತೆಗೆದರು. ಅಲ್ಲಿ ತಿಂಗಳ ಕೊನೆಯವರೆಗೂ ಬಿಡಲಿಲ್ಲ.

ಹೀಗಾಗಿ ಶಿಡ್ಲಘಟ್ಟದಲ್ಲಿ ಮನೆ ಹುಡುಕುವಾಗ ಅವರು ಬೇರೆಯವರ ಹಾಗೆ ಗೋಡೆ, ಕಿಟಕಿ ನೋಡಲಿಲ್ಲ. ಬೀದಿ ಬೀದಿಯಲ್ಲಿ ನಿಂತು ಮೂಸಿದರು. ರೇಷ್ಮೆಯ ಊರು ಅದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಮನೆಗಳು ಬೀದಿಗೆರಡು. ನೂಲು ಬಿಚ್ಚಿಕೊಂಡ ಮೇಲೆ ಒಳಗೆ ಉಳಿಯುವ ಬೆಂದ ಹುಳದ ವಾಸನೆ ಬೆಳಗಿನಿಂದ ಸಂಜೆಯವರೆಗೆ ಬೀದಿಯಲ್ಲಿ ಹಾಸಿಕೊಂಡಿರುತ್ತದೆ. ಹೊರಗಿನಿಂದ ಬಂದವರು ಮೂಗಿಗೆ ಕರ್ಚೀಫು ಹಿಡಿದರೆ ಊರಿನವರು, “ಯಾವ ವಾಸನೆ?” ಎಂದು ಕೇಳುತ್ತಾರೆ. ಟೀಚರಮ್ಮನ ಮನೆಯ ಕಾಂಪೌಂಡಿಗೆ ಅಂಟಿಕೊಂಡೇ ಬಾಷಾ ಎಂಬುವರ ನೂಲು ಬಿಚ್ಚುವ ಶೆಡ್ಡಿತ್ತು. ಅದೇ ಕಾರಣಕ್ಕೆ ಮಹಡಿ ಆರು ತಿಂಗಳಿಂದ ಖಾಲಿ. ಇವರು ಅಂಗಳದಲ್ಲಿ ನಿಂತು, ಎದೆ ತುಂಬ ಉಸಿರೆಳೆದುಕೊಂಡು, “ನನಗೆ ಈ ಮನೇನೇ ಬೇಕು” ಎಂದರು. ಆನೆ ನಡೆದ ಹಾದಿಯಲ್ಲಿ ಇರುವೆಯ ಹೆಜ್ಜೆ ಯಾರು ಹುಡುಕುತ್ತಾರೆ ಎನ್ನುವುದು ಅವರ ಎಣಿಕೆ.

ಟೀಚರಮ್ಮ ಗಂಡ ತೀರಿಕೊಂಡ ಮೇಲೆ ಪ್ರೈಮರಿ ಶಾಲೆಯ ಕೆಲಸಕ್ಕೆ ಸೇರಿ, ಆಗಷ್ಟೇ ನಿವೃತ್ತರಾಗಿದ್ದರು. ಗಂಡ ಸರ್ಕಾರಿ ಗುಮಾಸ್ತರಾಗಿದ್ದರು ಎಂದಷ್ಟೇ ನಮಗೆ ಗೊತ್ತಿತ್ತು. ಒಬ್ಬಳೇ ಮಗಳನ್ನು ಚಿಕ್ಕಬಳ್ಳಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮಂಡಿನೋವು. ದೊಡ್ಡ ದನಿ. ನಿವೃತ್ತಿಯಾದರೂ ಎದುರಿಗಿದ್ದವರೆಲ್ಲ ಮೂರನೇ ಕ್ಲಾಸಿನವರು ಎಂಬಂತೆ ನೋಡುವ ಕಣ್ಣು. ಮನೆ ಕೊಡುವಾಗ ಬೆರಳು ಮಡಿಸುತ್ತಾ ಹೇಳಿದರಂತೆ, “ಮಾಂಸ ಇಲ್ಲ. ಮೊಟ್ಟೆ ಇಲ್ಲ. ಬೆಳ್ಳುಳ್ಳಿ ಇಲ್ಲ.”

“ಮೊದಲ್ನೇ ಎರಡಕ್ಕೂ ಒಪ್ಪಿಗೆ ಅಮ್ಮ. ಬೆಳ್ಳುಳ್ಳಿ ಮಾತ್ರ ಡಾಕ್ಟ್ರು ಹೇಳಿದಾರೆ. ವಾಯು.”

“ಔಷಧಿ ಅಂದ್ರೆ ಸರಿ. ಅಡುಗೆಗೆ ಅಲ್ಲ.”

“ಇಲ್ಲಮ್ಮ, ಬೆಣ್ಣೇಲಿ ಹುರಿದು ನುಂಗೋದು.”

ಟೀಚರಮ್ಮ ಪಾಪ ಎಂದುಕೊಂಡು ಪ್ರತಿ ಶುಕ್ರವಾರ ಮಜ್ಜಿಗೆ ಕಡೆದಾಗ ಒಂದು ಬಟ್ಟಲು ಬೆಣ್ಣೆಯನ್ನು ಮಹಡಿಗೆ ಕಳಿಸತೊಡಗಿದರು. ಹೀಗೆ ಬೆಣ್ಣೆ ಮನೆಯೊಡತಿಯ ಕೃಪೆಯಿಂದ, ಬೆಳ್ಳುಳ್ಳಿ ಡಾಕ್ಟರ ಹೆಸರಿನಲ್ಲಿ, ಸೀಗಡಿ ಪಠ್ಯಕ್ರಮದ ಲೆಕ್ಕದಲ್ಲಿ ಬಂದು ಬಾಣಲೆ ಸೇರುತ್ತಿದ್ದವು. “ಸೀಗಡಿ ಮಾಂಸ ಅಲ್ವಾ?” ಎಂದು ಕೇಳಿದ್ದಕ್ಕೆ, “ಅವರು ಸೀಗಡಿ ಅಂತ ಹೆಸರು ಹೇಳಲೇ ಇಲ್ವಲ್ಲ” ಎಂದರು.

ನನಗೊಂದು ಸಣ್ಣ ಘಟನೆ ನೆನಪಿದೆ. ಒಂದು ಭಾನುವಾರ ಅವರು ಫ್ಲಾಸ್ಕ್ ಹಿಡಿದು ಗೇಟು ತೆಗೆಯುವಾಗ ಅಂಗಳದಲ್ಲಿ ಹುರುಳಿ ಕೇರುತ್ತಿದ್ದ ಟೀಚರಮ್ಮ ತಲೆಯೆತ್ತದೆ, “ಐಸು ಕರಗಿಲ್ಲ ತಾನೇ ಮೇಷ್ಟ್ರೇ?” ಎಂದರು. “ಇಲ್ಲಮ್ಮ” ಎಂದು ಇವರು ಮೆಟ್ಟಿಲು ಹತ್ತಿದರು. ಆಗ ನಾವಿಬ್ಬರೂ ಅದರ ಬಗ್ಗೆ ಏನನ್ನೂ ಯೋಚಿಸಲಿಲ್ಲ. ಈಗ ಆ ಮಾತು ನಿಜಕ್ಕೂ ಬಂದಿತ್ತೋ, ನಾನೇ ಆಮೇಲೆ ಸೇರಿಸಿಕೊಂಡೆನೋ ಎಂದು ಯೋಚಿಸುತ್ತಿದ್ದೇನೆ.

ಆ ಡಿಸೆಂಬರಿನಲ್ಲಿ ಮನೆಯ ವಿಷಯ ಅವರಿಗೆ ಪ್ರಾಣಕ್ಕೆ ಸಮವಾಗಿತ್ತು. ಬೇಸಿಗೆಯಲ್ಲಿ ಮದುವೆಯಾಗಿತ್ತು, ಹೆಂಡತಿ ಇನ್ನೂ ಚಿಕ್ಕಬಳ್ಳಾಪುರದ ತೌರಿನಲ್ಲೇ ಇದ್ದರು. ಮಾವನದು ಒಂದೇ ಷರತ್ತು: “ನನ್ನ ಮಗಳು ಬೋರ್‌ವೆಲ್ ಮುಂದೆ ಬಿಂದಿಗೆ ಇಟ್ಕೊಂಡು ನಿಲ್ಲಲ್ಲ. ಮನೆ ಒಳಗೆ ನಲ್ಲಿ ಇರೋ ಕಡೆ ಕರ್ಕೊಂಡು ಹೋಗಿ.” ಒಂದು ಕೊಡ ನೀರಿಗೂ ಜಗಳವಾಡುವ ಊರಿನಲ್ಲಿ ಮಹಡಿಯ ಮೇಲೆ ನಲ್ಲಿ ಇದ್ದದ್ದು, ನಮಗೆ ಗೊತ್ತಿದ್ದ ಹಾಗೆ, ಟೀಚರಮ್ಮನ ಮನೆಯಲ್ಲಿ ಮಾತ್ರ. ದಿನ ಬಿಟ್ಟು ದಿನ ಬರುತ್ತಿತ್ತು. ಬಂದಾಗ ಮೊದಲು ಕೆಮ್ಮಿ ಆಮೇಲೆ ಸುರಿಯುತ್ತಿತ್ತು. ಸಂಸಾರ ತರುವುದಾದರೆ ಮಹಡಿ ನಿಮಗೇ ಎಂದು ಟೀಚರಮ್ಮ ಮಾತು ಕೊಟ್ಟಿದ್ದರು. ಸಂಕ್ರಾಂತಿಗೆ ಕರೆದುಕೊಂಡು ಬರುತ್ತೇನೆ ಎಂದು ಇವರು ಮಾವನಿಗೆ ಮಾತು ಕೊಟ್ಟಿದ್ದರು.

“ಹಾಗಾದ್ರೆ ಸಂಕ್ರಾಂತಿವರೆಗೂ ಸುಮ್ನಿರಿ ಸಾರ್. ಸೀಗಡಿ ಎಲ್ಲೂ ಓಡಿಹೋಗಲ್ಲ” ಎಂದೆ.

“ಹೆಂಡ್ತಿ ಬಂದ್ಮೇಲೆ ಮಾಡಕ್ಕಾಗುತ್ತೋ ಇಲ್ವೋ. ಇದೊಂದೇ ಸಲ. ಕೊನೇದು” ಎಂದರು. ಅದು ಅವರ ನಾಲ್ಕನೆಯ ಕೊನೇದು.

ಆ ಭಾನುವಾರ ಸಂಜೆ ಐದರ ಸುಮಾರಿಗೆ ನಾನು ಹೋಟೆಲಿನಿಂದ ಮುದ್ದೆ ತಂದು ಮಹಡಿ ಹತ್ತಿದೆ. ಪಂಪ್ ಸ್ಟವ್ ಉರಿಯುತ್ತಿತ್ತು. ಬಾಣಲೆಯಲ್ಲಿ ಬೆಣ್ಣೆ ಕರಗಿ ನೊರೆಯೆದ್ದು ತಣ್ಣಗಾಯಿತು, ಅಂದರೆ ನೊರೆಯ ಸದ್ದು ನಿಂತಿತು. ಅದೇ ಸರಿಯಾದ ಗಳಿಗೆ ಎನ್ನುತ್ತಿದ್ದರು. ಜಜ್ಜಿದ ಬೆಳ್ಳುಳ್ಳಿ ಬಿತ್ತು. ಸುವಾಸನೆ ಏಳುತ್ತಿದ್ದ ಹಾಗೆ ಸೀಗಡಿ ಬಿತ್ತು. ಅವರು ಸ್ಟಾಪ್‌ವಾಚ್ ಒತ್ತಿದರು. ಒಂದು ನಿಮಿಷ ಆಗಿರಬಹುದು. ಅವರ ಮುಖ ಬದಲಾಯಿತು. ಮೂಗನ್ನು ಕಿಟಕಿಯ ಕಡೆ ತಿರುಗಿಸಿದರು.

“ಹಿಸ್ಟ್ರಿಯವರೇ, ಹುಳದ ವಾಸನೆ ಎಲ್ಲಿ?”

ಬಾಷಾ ಅವರ ಶೆಡ್ಡು ಮುಚ್ಚಿತ್ತು. ಗೂಡಿನ ಮಾರ್ಕೆಟ್ಟು ಎರಡು ದಿನ ಬಂದ್ ಇದ್ದದ್ದರಿಂದ ಗೂಡಿಲ್ಲದೆ ಒಲೆ ಹಚ್ಚಿರಲಿಲ್ಲ ಎಂದು ನಾನು ನಂಬಿದ್ದೇನೆ. ಬಾಷಾ ಮನೆಯಲ್ಲಿ ಮದುವೆ ಇತ್ತು ಎಂದು ಮೇಷ್ಟ್ರು ಆಮೇಲೆ ಹೇಳುತ್ತಿದ್ದರು. ಯಾವುದಾದರೂ ಆಗಲಿ, ಬೀದಿಯ ಗಾಳಿ ವರ್ಷಕ್ಕೊಮ್ಮೆ ಆಗುವಷ್ಟು ಶುಭ್ರವಾಗಿತ್ತು. ಅದರೊಳಗೆ ಬೆಳ್ಳುಳ್ಳಿ, ಬೆಣ್ಣೆ, ಸೀಗಡಿ ಮೂರೂ ಕೈ ಕೈ ಹಿಡಿದು ಮೆಟ್ಟಿಲಿಳಿದು ಹೋದವು.

“ಕಿಟಕಿ ಮುಚ್ಚಿ!” ಎಂದರು. ಮುಚ್ಚಿದೆ. “ತೆಗೀರಿ, ಉಸಿರು ಕಟ್ತಿದೆ!” ಎಂದರು. ತೆಗೆದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಂದು ಮೆಟ್ಟಿಲು, ಒಂದು ನಿಟ್ಟುಸಿರು. ಮತ್ತೊಂದು ಮೆಟ್ಟಿಲು, ಮತ್ತೊಂದು ನಿಟ್ಟುಸಿರು. ಮಂಡಿನೋವಿನ ಟೀಚರಮ್ಮ ನಾನಿದ್ದ ಎರಡು ವರ್ಷದಲ್ಲಿ ಒಮ್ಮೆಯೂ ಮಹಡಿ ಹತ್ತಿದವರಲ್ಲ. ಒಟ್ಟು ಹದಿನಾಲ್ಕು ಮೆಟ್ಟಿಲು. ಅಷ್ಟು ಹೊತ್ತಿನಲ್ಲಿ ಬಾಣಲೆಯನ್ನು ಬಚ್ಚಿಡಬಹುದಿತ್ತು. ಆದರೆ ಅವರು ಮಾಡಿದ್ದು ಇಷ್ಟು: ವಾಚು ನೋಡಿದರು, ಮೂರು ನಿಮಿಷವಾಗಿತ್ತು, ಸ್ಟವ್ ಆರಿಸಿ ಸೀಗಡಿಯನ್ನು ತಟ್ಟೆಗೆ ಸುರಿದರು. ಮನೆ ಹೋದರೂ ಸರಿ, ಸೀಗಡಿ ಕೋಡುಬಳೆಯಾಗಬಾರದು.

ಟೀಚರಮ್ಮ ಬಾಗಿಲಲ್ಲಿ ನಿಂತರು. ಹೊಸ್ತಿಲು ದಾಟಲಿಲ್ಲ. ತಟ್ಟೆಯನ್ನು ನೋಡಿದರು. ಆ ಸಲ ಸಿಕ್ಕಿದ್ದು ಸಣ್ಣ ಸೀಗಡಿ. ಬಾಗಿಕೊಂಡು, ಕಂದುಗೆಂಪಾಗಿ, ಬೆಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಿದ್ದವು.

“ಏನಪ್ಪಾ ಮೇಷ್ಟ್ರೇ ಇದು?”

ಇವರು ಕನ್ನಡಕ ಸರಿಮಾಡಿಕೊಂಡರು. ನಾನು ಮುದ್ದೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು ಗೋಡೆ ನೋಡುತ್ತಿದ್ದೆ.

ಟೀಚರಮ್ಮ ಇನ್ನೊಮ್ಮೆ ತಟ್ಟೆಯನ್ನು, ಆಮೇಲೆ ಇವರ ಮುಖವನ್ನು ನೋಡಿದರು. “ಅಯ್ಯೋ ದೇವುಡಾ. ಬಾಷಾ ಮನೆ ರೇಷ್ಮೆ ಹುಳ ಅಲ್ವೇನಪ್ಪಾ ಇವು?” ಎಂದರು.

ಶಿಡ್ಲಘಟ್ಟದಲ್ಲಿ ಬಾಗಿದ, ಕಂದು ಬಣ್ಣದ, ಬೆರಳ ಗೆಣ್ಣಿನಷ್ಟು ಉದ್ದದ ವಸ್ತುವನ್ನು ಯಾರೇ ನೋಡಿದರೂ ಹಾಗೇ ಅನ್ನುತ್ತಿದ್ದರು. ದಿನವೂ ಬುಟ್ಟಿಗಟ್ಟಲೆ ಕಾಣುವುದು ಅದೇ ತಾನೆ. ಇವರ ಕಣ್ಣಿನಲ್ಲಿ ಬೆಳಕು ಬಂದದ್ದನ್ನು ನಾನು ನೋಡಿದೆ.

“ಹೌದಮ್ಮ! ಹುಳ. ರೇಷ್ಮೆ ಹುಳ.”

“ತಿಂತೀರಾ?”

“ಪ್ರಯೋಗ ಅಮ್ಮ. ಪೌಷ್ಟಿಕಾಂಶ ಜಾಸ್ತಿ ಇದೆ. ವಿಷಯ ನಮ್ಮದೇ ಅಲ್ವಾ, ಪ್ರಾಣಿಶಾಸ್ತ್ರ. ನಾವೇ ತಿಂದು ನೋಡ್ದೆ ಹುಡುಗರಿಗೆ ಹೇಗೆ ಹೇಳೋದು?”

“ನನ್ನ ಬೆಣ್ಣೇಲಿ.”

“...ಹೌದಮ್ಮ.”

“ಹಿಸ್ಟ್ರಿ ಮೇಷ್ಟ್ರೂ ತಿಂತಾರಾ?”

“ಅವರು ಬರೀ ಸಾಕ್ಷಿ ಅಮ್ಮ” ಎಂದರು. ಸ್ನೇಹವೆಂದರೆ ಇದು ಎಂದು ಆಗ ಅನ್ನಿಸಿತು.

ಟೀಚರಮ್ಮ ಹದಿನಾಲ್ಕು ಮೆಟ್ಟಿಲು ಇಳಿದರು. ಇವರು ಕುರ್ಚಿಯಲ್ಲಿ ಕುಸಿದು ಕೂತು ಲುಂಗಿಯ ಅಂಚಿನಿಂದ ಕನ್ನಡಕ ಒರೆಸಿದರು. “ಸುಳ್ಳು ಹೇಳಲಿಲ್ಲ ಹಿಸ್ಟ್ರಿಯವರೇ. ಸೀಗಡಿನೂ ರೇಷ್ಮೆ ಹುಳನೂ ಒಂದೇ ವಂಶ. ಕೀಲುಗಾಲಿನವು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅನ್ಕೊಳಿ. ತಮ್ಮನನ್ನ ಅಣ್ಣನ ಹೆಸರಿಂದ ಕರೆದ್ರೆ ಏನು ಪಾಪ?” ಎಂದರು. ಸೀಗಡಿ ತಣ್ಣಗಾಗಿತ್ತು. ಆದರೂ ಒಂದನ್ನೂ ಬಿಡಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಸೋಮವಾರ ಕಾಲೇಜಿಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಅಲ್ಲಿ ತಲುಪಿತ್ತು. ಸಂಬಳ ಸಾಲದೆ ಮೇಷ್ಟ್ರು ಹುಳ ತಿನ್ನುತ್ತಾರಂತೆ ಎಂದು ಒಂದು ಗುಂಪು. ಹೊಸ ಹೆಂಡತಿ ಬರುತ್ತಾಳಲ್ಲ, ಶಕ್ತಿಗೆ ತಿನ್ನುತ್ತಿದ್ದಾರೆ ಎಂದು ಇನ್ನೊಂದು. ಹುಡುಗರು ಬೋರ್ಡಿನ ಮೇಲೆ ಕನ್ನಡಕ ಹಾಕಿದ ರೇಷ್ಮೆ ಹುಳದ ಚಿತ್ರ ಬರೆದಿದ್ದರು. ಇವರು ಅದನ್ನು ಗಂಭೀರವಾಗಿ ಪರೀಕ್ಷಿಸಿ, “ಕಾಲು ಎರಡು ಜೊತೆ ಕಮ್ಮಿ ಬರೆದಿದ್ದೀರಿ” ಎಂದು ತಿದ್ದಿ ಪಾಠ ಶುರು ಮಾಡಿದರು. ಜಿರಲೆ ಮೇಷ್ಟ್ರು ಹುಳದ ಮೇಷ್ಟ್ರಾದರು.

“ನಿಜ ಹೇಳಿಬಿಡಿ ಸಾರ್, ಮರ್ಯಾದೆ ಹೋಗ್ತಿದೆ” ಎಂದೆ.

“ನಿಜ ಹೇಳಿದ್ರೆ ನಲ್ಲಿ ಹೋಗುತ್ತೆ” ಎಂದರು.

ಬುಧವಾರವೋ ಗುರುವಾರವೋ ಸಂಜೆ ಗೇಟಿನಲ್ಲಿ ಬಾಷಾ ನಿಂತಿದ್ದರು. ಕೈಯಲ್ಲಿ ಬಿದಿರಿನ ಬುಟ್ಟಿ. ಅದರ ತುಂಬ ಆಗಷ್ಟೇ ಗೂಡಿನಿಂದ ಬಿದ್ದ, ಹೊಗೆಯಾಡುತ್ತಿದ್ದ ಹುಳ.

“ಸಾರ್, ನಮ್ಗೆ ಒಂದು ಮಾತು ಹೇಳಬಾರ್ದಾ? ಪಕ್ಕದ ಮನೆಯವ್ರು, ಎಲ್ಲಿಂದಾನೋ ತರಿಸ್ಕೊಂಡು ತಿಂತೀರಂತೆ. ನಾವು ಕೋಳಿಗೆ ಹಾಕ್ತೀವಿ, ಮೀನಿಗೆ ಹಾಕ್ತೀವಿ. ಓದಿದವ್ರು ನೀವೇ ತಿಂತೀರಂದ್ರೆ ಅದರಲ್ಲಿ ಏನೋ ಇರಬೇಕು. ತಗೊಳ್ಳಿ, ಫ್ರೆಶ್ ಮಾಲು.”

“ಬೇಡ ಬಾಷಾ ಅವರೇ, ಸುಮ್ನೆ ನಿಮಗೆ ತೊಂದರೆ...”

“ಏನು ತೊಂದರೆ ಸಾರ್! ದಿನಾ ಕಳಿಸ್ತೀನಿ.”

ಆಗ ಅಂಗಳದಿಂದ ಟೀಚರಮ್ಮನ ದನಿ ಬಂತು. “ತಗೊಳ್ಳಿ ಮೇಷ್ಟ್ರೇ. ಮಾಡಿ ತೋರಿಸಿ. ನಾನೂ ಕಲಿಯಣ ಅಂತಿದೀನಿ. ಬಾಷಾ, ನೀನೂ ಬಾರಪ್ಪಾ, ನೋಡು.”

ಅವರು ಒಳಗೆ ಹೋಗಿ ಒಂದು ಬಟ್ಟಲು ಬೆಣ್ಣೆ ತಂದರು. “ಭಾನುವಾರದ್ದು ಮುಗಿದಿರ್ಬೇಕಲ್ಲ” ಎಂದರು. ಮತ್ತೆ ಹದಿನಾಲ್ಕು ಮೆಟ್ಟಿಲು, ಹದಿನಾಲ್ಕು ನಿಟ್ಟುಸಿರು. ಹಿಂದೆ ಬುಟ್ಟಿ ಹೊತ್ತ ಬಾಷಾ. ಅವರ ಹಿಂದೆ ಹುಳದ ಮೇಷ್ಟ್ರು. ಕೊನೆಯಲ್ಲಿ ನಾನು. ಟೀಚರಮ್ಮನಿಗೆ ಬಾಗಿಲಲ್ಲಿ ಕುರ್ಚಿ ಹಾಕಲಾಯಿತು. ಅವರು ಅದರಲ್ಲಿ ಕೂತ ರೀತಿ ನನಗೆ ಚೆನ್ನಾಗಿ ನೆನಪಿದೆ. ಮಗ್ಗಿ ಒಪ್ಪಿಸಲು ಹುಡುಗನನ್ನು ನಿಲ್ಲಿಸಿಕೊಂಡ ಹಾಗೆ.

ಇವರು ಒಲೆ ಹಚ್ಚಿದರು. ಕ್ರಮ ತಪ್ಪಲಿಲ್ಲ. ಬೆಣ್ಣೆ ನೊರೆಯೆದ್ದು ತಣಿಯಿತು, ಬೆಳ್ಳುಳ್ಳಿ ಬಿತ್ತು, ಹುಳ ಬಿತ್ತು. ವಾಚು ಒತ್ತಲು ಮರೆತದ್ದು ಅವರ ಬಾಳಿನಲ್ಲಿ ಅದೊಂದೇ ಸಲ ಇರಬೇಕು. ಟೀಚರಮ್ಮನೇ ಹೇಳಿದರು, “ಆಯ್ತು ಮೇಷ್ಟ್ರೇ, ಇಳಿಸಿ. ಜಾಸ್ತಿ ಆದ್ರೆ ಗಟ್ಟಿ ಆಗಲ್ವಾ?”

ಇವರು ಇಳಿಸಿದರು.

“ನಿಂಬೆಹಣ್ಣು ಹಿಂಡಲ್ವಾ?” ಎಂದು ಟೀಚರಮ್ಮ ಸೆರಗಿನ ಗಂಟು ಬಿಚ್ಚಿ ಅರ್ಧ ಹೋಳು ನಿಂಬೆಹಣ್ಣು ಕೊಟ್ಟರು.

ಹಿಂಡಿದರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕಣ್ಣು ಮುಚ್ಚಿದರು. ಆ ಕಣ್ಣು ಮುಚ್ಚಿದ್ದರ ಅರ್ಥ ಎಂದಿನದಲ್ಲ ಎಂದು ನನಗೊಬ್ಬನಿಗೆ ಗೊತ್ತಿತ್ತು. ಆಮೇಲೆ ತಿಂದರು. ಹನ್ನೊಂದು ಎಂದು ನನ್ನ ಲೆಕ್ಕ. ಆರು ಎಂದು ಅವರೇ ಆಮೇಲೆ ಹೇಳುತ್ತಿದ್ದರು. ಬಾಷಾ ಊರಿಗೆಲ್ಲ ಇಪ್ಪತ್ತೊಂದು ಎಂದು ಹೇಳಿದರು. ಪ್ರತಿಯೊಂದನ್ನು ನುಂಗುವಾಗಲೂ ಅವರು ಆ ನಲ್ಲಿಯನ್ನೇ ನೋಡುತ್ತಿದ್ದರು ಎಂದು ಬರೆಯಬೇಕೆನಿಸುತ್ತದೆ. ಆದರೆ ಈಗಷ್ಟೇ ಕಣ್ಣು ಮುಚ್ಚಿದ್ದರು ಎಂದು ಬರೆದೆ. ಎರಡೂ ನಿಜವಾಗಲು ಸಾಧ್ಯವಿಲ್ಲ.

“ಹೇಗಿದೆ ಸಾರ್?” ಎಂದು ಬಾಷಾ ಕೇಳಿದರು.

“ಕಡಲೆಕಾಯಿ ಥರ. ಹಸಿ ಕಡಲೆಕಾಯಿ” ಎಂದರು, ವಿಜ್ಞಾನಿಯ ಪ್ರಾಮಾಣಿಕತೆಯಿಂದ. “ಹಿಸ್ಟ್ರಿಯವರೇ, ನೀವೂ ಒಂದು ತಗೊಳ್ಳಿ.”

“ನಾನು ಬರೀ ಸಾಕ್ಷಿ” ಎಂದೆ.

ಟೀಚರಮ್ಮ ಕುರ್ಚಿಯ ಕೈ ಹಿಡಿದು ಎದ್ದರು. “ಸರಿ ಮೇಷ್ಟ್ರೇ. ಸಂಕ್ರಾಂತಿಗೆ ಹೆಂಡ್ತೀನ ಕರ್ಕೊಂಡು ಬನ್ನಿ, ಮಹಡಿ ಸುಣ್ಣ ಹೊಡೆಸಿ ಕೊಡ್ತೀನಿ. ಒಂದೇ ಮಾತು. ಇನ್ಮೇಲೆ ನಿಮ್ಮ ಪ್ರಯೋಗ ಯಾವಾಗ ಇದ್ರೂ ನನ್ನನ್ನ ಕರೀಬೇಕು. ಹೀಗೇ ಬಾಗಿಲಲ್ಲಿ ಕೂತು ನೋಡ್ತೀನಿ. ಹುಳ ಬಾಷಾ ಕೊಡ್ತಾನೆ.”

ಅವರು ಆ ಮನೆಯಲ್ಲಿ ಮತ್ತೆ ಆರು ವರ್ಷ ಇದ್ದರು. ಒಂದು ಪ್ರಯೋಗವೂ ನಡೆಯಲಿಲ್ಲ. ಬೆಣ್ಣೆ ಪ್ರತಿ ಶುಕ್ರವಾರ ತಪ್ಪದೆ ಬಂತು. ಅದನ್ನು ಅನ್ನಕ್ಕೆ ಹಾಕಿಕೊಂಡು ತಿಂದರು. ತೊಂಬತ್ನಾಲ್ಕರಲ್ಲಿ ಚಿಂತಾಮಣಿಗೆ ವರ್ಗವಾಗಿ, ಅಲ್ಲೇ ಸ್ವಂತ ಮನೆ ಕಟ್ಟಿದರು. ಗೃಹಪ್ರವೇಶದ ಮರುದಿನವೇ ನನಗೆ ಫೋನು. “ಹಿಸ್ಟ್ರಿಯವರೇ, ಬನ್ನಿ. ಮೂರು ನಿಮಿಷ.” ಬೇರೆ ಊರಿಗೆ ವರ್ಗವಾಗಿದ್ದ ನನಗೆ ಹೋಗಲು ಬಸ್ಸಿನಲ್ಲಿ ಮೂರು ಗಂಟೆ ಹಿಡಿಯಿತು. ಆ ಸಂಜೆ ಮುದ್ದೆಯನ್ನು ಬೆಣ್ಣೆಯಲ್ಲಿ ಅದ್ದುತ್ತಾ, “ಟೀಚರಮ್ಮ ಎಷ್ಟು ಮುಗ್ಧರು ನೋಡಿ. ಕೊನೆವರೆಗೂ ಹುಳ ಅಂತಲೇ ಅಂದ್ಕೊಂಡಿದ್ರು. ಒಂದೊಂದು ಸಲ ಮೋಸ ಮಾಡ್ದೆ ಅಂತ ಅನ್ಸುತ್ತೆ” ಎಂದರು. ಅಷ್ಟು ಹೊತ್ತಿಗೆ ಟೀಚರಮ್ಮ ಹೋಗಿ ಒಂದು ವರ್ಷವಾಗಿತ್ತು. ಕ್ಷಮೆ ಕೇಳಲು ಯಾರೂ ಉಳಿದಿರಲಿಲ್ಲ.

ಕಳೆದ ವರ್ಷ ಅವರ ತಿಥಿಗೆ ಹೋದಾಗ ಅವರ ಹೆಂಡತಿಯೂ ಅದನ್ನೇ ಹೇಳಿದರು. “ಆಸ್ಪತ್ರೇಲಿ ಮಲಗಿದ್ದಾಗಲೂ ಅಂದ್ರು, ಟೀಚರಮ್ಮನಿಗೆ ನಿಜ ಹೇಳಿಬಿಡಬೇಕಿತ್ತು ಕಣೇ ಅಂತ. ನಾನು ಆ ಮನೆಗೆ ಹೋದ ದಿನ ಆಯಮ್ಮ ನಲ್ಲಿ ತಿರುಗಿಸಿ ತೋರಿಸಿ, ನಿನ್ನ ಗಂಡ ಇದಕ್ಕೋಸ್ಕರ ಬಹಳ ಕಷ್ಟಪಟ್ಟಿದಾನಮ್ಮ ಅಂದಿದ್ರು. ಆಗ ನಂಗೆ ಅರ್ಥ ಆಗಿರಲಿಲ್ಲ.”

ಮನೆಗೆ ಬಂದರೂ ಆ ಮಾತು ನನ್ನನ್ನು ಬಿಡಲಿಲ್ಲ. ಐಸು, ನಿಂಬೆಹಣ್ಣು, ‘ಜಾಸ್ತಿ ಆದ್ರೆ ಗಟ್ಟಿ ಆಗಲ್ವಾ’. ಇವೆಲ್ಲ ನಡೆದದ್ದೋ, ನಾನು ಕಟ್ಟಿದ್ದೋ? ಚಿಕ್ಕಬಳ್ಳಾಪುರದಲ್ಲಿ ಟೀಚರಮ್ಮನ ಮಗಳ ಮನೆ ಹುಡುಕಿಕೊಂಡು ಹೋದೆ. ಆಕೆಗೂ ಈಗ ಮೊಮ್ಮಕ್ಕಳಿದ್ದಾರೆ. ಕಥೆ ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, “ಅಮ್ಮ ನನಗೆ ಇದೇನೂ ಹೇಳಿಲ್ಲ. ಆದ್ರೆ ಅಮ್ಮನಿಗೆ ಸೀಗಡಿ ಗೊತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ? ಅಪ್ಪನಿಗೆ ನಾಲ್ಕು ವರ್ಷ ಕಾರವಾರದಲ್ಲಿ ಕೆಲಸ. ನಾನು ಹುಟ್ಟಿದ್ದೇ ಅಲ್ಲಿ” ಎಂದರು.

ಕೈಗೂಸು ಕಂಡದ್ದನ್ನು ಸಾಕ್ಷಿ ಎನ್ನಲಾಗದು ಎಂದೆ. ಆಕೆ ಒಳಗೆ ಹೋಗಿ ಒಂದು ಹಳೆಯ ಫೋಟೋ ತಂದರು. ಹಿಂಬದಿಯಲ್ಲಿ ಟೀಚರಮ್ಮನದೇ ಗುಂಡು ಅಕ್ಷರ: ‘ಕಾರವಾರ, ನಮ್ಮ ಮನೆ ಮುಂದೆ’. ಮುಂಬದಿಯಲ್ಲಿ ಹರೆಯದ ಟೀಚರಮ್ಮ, ಕಂಕುಳಲ್ಲಿ ಮಗು. ಅವರ ಕಾಲಿನ ಬಳಿಯಿಂದ ಬೇಲಿಯವರೆಗೆ ಸಾಲಾಗಿ ಹಾಸಿದ ಚಾಪೆಗಳು, ಅವುಗಳ ಮೇಲೆ ಬಿಸಿಲಿಗೆ ಹರವಿದ್ದು ಏನೋ. ನಾನು ಭೂತಕನ್ನಡಿ ಕೇಳಿ ಪಡೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸೀಗಡಿ. ಒಂದೊಂದೂ ಸುರುಟಿ ಕೋಡುಬಳೆಯಾಗಿತ್ತು.